ಮುಳ್ಳೇರಿಯ ಹತ್ತಿರದ ಕಾಡುಗಿಡದ ನರ್ಸರಿ: ಎರಡು ಮಳೆಗಾಲ ಕಳೆದ ಮೇಲೆ

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆ. ಅಡಿಕೆ ತೋಟದ ಮೇಲೆ ಒಂದು ಎಕರೆ ಗುಡ್ಡೆ ಇದೆ. ಸಾಮಾಜಿಕ ಅರಣ್ಯದ ಹೆಸರಲ್ಲಿ ಊರೂರಿಗೆ ಅಕೇಶಿಯಾ ಬಂದ ಕಾಲದಲ್ಲಿ ಮಾವನವರೂ ಅಲ್ಲಿ ಅದನ್ನೇ ನೆಟ್ಟರು. ಆಸ್ಟ್ರೇಲಿಯಾ ಕಡೆಯ ಮರ, ಬೇಗ ಬೆಳೆಯಿತು. ಆದರೆ ದನದ ಹಟ್ಟಿಗೆ ಹಾಸಲು ಸೊಪ್ಪು ಸಿಗಲಿಲ್ಲ. ಆ ಎಲೆ ಹಾಕಿದರೆ ವರ್ಷ ಕಳೆದರೂ ಗರಗರ ಅನ್ನುತ್ತದೆ, ಕೊಳೆಯುವುದೇ ಇಲ್ಲ.

ಅಲ್ಲಿ ಮತ್ತೆ ಕಾಡು ಬರಿಸಬೇಕು ಅಂತ ಹೊರಟಾಗ ಮೊದಲು ರಸ್ತೆ ಬದಿಯ ಒಂದು ನರ್ಸರಿಯಿಂದ ಹತ್ತು ಅಶೋಕ ತಂದೆ. ಬೆಳೆದ ಮೇಲೆ ಗೊತ್ತಾಯಿತು, ಅದು ಶಾಲೆ ಅಂಗಳದಲ್ಲಿ ಕಂಬದ ಹಾಗೆ ನಿಲ್ಲುವ ಬೇರೆಯೇ ಮರ. ಅಸಲಿ ಅಶೋಕದ ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತದೆ. ಕಿತ್ತಳೆ ಹೂವಿನ ಗೊಂಚಲು ಕೊಂಬೆಗೇ ಅಂಟಿಕೊಂಡಿರುತ್ತದೆ. ಔಷಧಿಗೆ ಅಂತ ತೊಗಟೆ ಸುಲಿದೂ ಸುಲಿದೂ ಕಾಡಿನಲ್ಲಿ ಅದು ತುಂಬಾ ಕಮ್ಮಿಯಾಗಿದೆ.

ಮುಳ್ಳೇರಿಯದಿಂದ ಸ್ವಲ್ಪ ಒಳಗೆ, ಒಂದು ನಾಗಬನದ (ನಾಗದೇವರ ಹೆಸರಲ್ಲಿ ಉಳಿಸಿದ ಕಾಡು) ಪಕ್ಕ, ಎಂಟು ಜನ ಹೆಂಗಸರು ಸೇರಿ ನಡೆಸುವ ಈ ನರ್ಸರಿಗೆ ಹೋದದ್ದು ಆ ನಂತರ. ಬೋರ್ಡಿಲ್ಲ, ಗುಲಾಬಿ ದಾಸವಾಳ ಇಲ್ಲ. ಅಡಿಕೆ ಸೋಗೆಯ ಚಪ್ಪರದ ಕೆಳಗೆ ಧೂಪ, ಕಿರಾಲಬೋಗಿ, ಹೆಬ್ಬಲಸು, ಪುನರ್ಪುಳಿ, ಸುರಹೊನ್ನೆ, ಅಸಲಿ ಅಶೋಕ, ರಾಂಪತ್ರೆ. ಹೆಚ್ಚಿನ ಗಿಡಕ್ಕೆ 40 ರೂಪಾಯಿ, ರಾಂಪತ್ರೆಗೆ 60.

ನನಗೆ ರಾಂಪತ್ರೆ ಬೇಕಿತ್ತು. ಅವರು ಕೊಡಲಿಲ್ಲ! ಜಾಗ ಎಂಥದ್ದು, ಬೇಸಗೆಯಲ್ಲಿ ಪಸೆ ಇರುತ್ತದಾ, ಮುರಕಲ್ಲು (ಜಂಬಿಟ್ಟಿಗೆ) ಎಷ್ಟು ಆಳದಲ್ಲಿದೆ ಅಂತ ಕೇಳಿದರು. ಕೇಳಿದ ಮೇಲೆ, "ಅಕ್ಕಾ, ಅದು ಬೇಸಗೆಯಲ್ಲೂ ಪಸೆ ಆರದ ಜಾಗ ಕೇಳುವ ಮರ. ನಿಮ್ಮ ಗುಡ್ಡೆಯಲ್ಲಿ ಸಾಯುತ್ತದೆ," ಅಂದರು. ಮಾರಾಟಕ್ಕೆ ಕೂತವರು ಬೇಡ ಅಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಕೇಶಿಯಾವನ್ನು ಒಂದೇ ಸಲ ಕಡಿಯಬೇಡಿ ಅಂತಲೂ ಅವರೇ ಹೇಳಿದ್ದು. ಬಿಸಿಲು ಬಿದ್ದರೆ ನೆಲದಲ್ಲಿರುವ ಅದರದ್ದೇ ಬೀಜ ಸಾವಿರಗಟ್ಟಲೆ ಏಳುತ್ತದೆ. ಧೂಪ, ಕಿರಾಲಬೋಗಿ ಸಣ್ಣದಿರುವಾಗ ನೆರಳು ಕೇಳುತ್ತವೆ. ಅಕೇಶಿಯಾದ ಅಡಿಯಲ್ಲೇ ನೆಟ್ಟು, ಇವು ಎದ್ದ ಹಾಗೆ ಅದನ್ನು ಒಂದೊಂದೇ ತೆಗೆಯಬೇಕು.

ಜೂನ್ ಕೊನೆಗೆ ಇನ್ನೊಮ್ಮೆ ಹೋದಾಗ ಒದ್ದೆ ಗೋಣಿ ತುಂಬ ಧೂಪದ ಕಾಯಿ ಬಂದಿತ್ತು. ಒಬ್ಬರು ಒಂದನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕಂದು ಸಿಪ್ಪೆ ಮೂರು ಹೋಳಾಗಿ ಬಿರಿದು, ಒಳಗಿನಿಂದ ಬಿಳಿ ಬೇರು ಆಗಲೇ ಹೊರಗೆ ಇಣುಕಿತ್ತು. ಈ ಬೀಜವನ್ನು ಒಣಗಿಸಿ ಡಬ್ಬದಲ್ಲಿಡಲು ಆಗುವುದಿಲ್ಲ. ಕೆಲವೇ ದಿನದಲ್ಲಿ ಮಣ್ಣು ಸೇರದಿದ್ದರೆ ಸತ್ತೇ ಹೋಗುತ್ತದೆ. ಅದಕ್ಕೇ ಮಳೆ ಬಿಡಲಿ ಬಿಡದಿರಲಿ, ಬನದ ಮನೆಯವರ ಅಪ್ಪಣೆ ಕೇಳಿ, ಚಪ್ಪಲಿ ಹೊರಗಿಟ್ಟು ಹೋಗಿ ಹೆಕ್ಕುತ್ತಾರೆ. ಬಿದ್ದದ್ದನ್ನು ಮಾತ್ರ, ಅದರಲ್ಲೂ ಅರ್ಧ. ಬನದೊಳಗಿನ ಸಸಿ ಕೀಳುವುದೇ ಇಲ್ಲ.

ಕೊರತೆಯನ್ನೂ ಹೇಳಬೇಕು. ಗಿಡ ಬೆಳೆಸುವ ಪ್ಲಾಸ್ಟಿಕ್ ತೊಟ್ಟೆ ಚಿಕ್ಕದು. ಒಂದು ವರ್ಷ ದಾಟಿದ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತದೆ, ನೋಡಿ ತನ್ನಿ. ಹೆಸರಿನ ಚೀಟಿ ಮಲಯಾಳದಲ್ಲಿ ಮಾತ್ರ ಇತ್ತು. ನಮ್ಮ ಅತ್ತೆಗೆ ಓದಲು ಬರುವುದಿಲ್ಲ ಅಂದೆ. ಮುಂದಿನ ಸಲ ಕನ್ನಡದಲ್ಲೂ ಬರೆದಿಟ್ಟಿದ್ದರು.

2021ರಲ್ಲಿ ಕೇರಳ ಸರಕಾರ ಅಕೇಶಿಯಾ, ನೀಲಗಿರಿ ತೋಪುಗಳನ್ನು ತೆಗೆದು ಸಹಜ ಕಾಡು ತರುವ ನೀತಿ ಮಾಡಿದೆ. ಅದು ನಡೆಯಬೇಕಾದರೆ ಊರೂರಲ್ಲಿ ಇಂಥ ಬೀಜ ಹೆಕ್ಕುವವರು ಬೇಕು, ಅಲ್ವಾ? ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಸಿದ ಊರು ನಮ್ಮದು. ಒಂದೇ ಜಾತಿ ನೆಟ್ಟ ಗುಡ್ಡೆ ಏನು ಮಾಡುತ್ತದೆ ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನಾನು ನೆಟ್ಟದ್ದು 62, ಈಗ ಉಳಿದದ್ದು 47. ಎರಡನೇ ವರ್ಷ ಇಬ್ಬರು ಬಸ್ಸಿನಲ್ಲಿ ಬಂದು ಪ್ರತಿ ಗಿಡ ನೋಡಿ ಹೋದರು. ಬಸ್ಸಿನ ಹಣ ಬಿಟ್ಟರೆ ಏನೂ ತೆಗೆದುಕೊಳ್ಳಲಿಲ್ಲ. ಹೋಗುವುದಾದರೆ ಮಳೆ ಹಿಡಿದ ಮೇಲೆ ಬೆಳಿಗ್ಗೆಯೇ ಹೋಗಿ, ಚಿಲ್ಲರೆ ಇಟ್ಟುಕೊಳ್ಳಿ, ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ನಿಮ್ಮ ಜಾಗದ ಒಂದು ಮುಷ್ಟಿ ಮಣ್ಣನ್ನೂ ಒಯ್ಯಿರಿ, ಖಂಡಿತ ಕೇಳುತ್ತಾರೆ.