‘ಫುಲ್ ಎಂಜಿನ್ ಕೆಲಸ’ ಮುಗಿದ ಹಳೆಯ ಯೆಜ್ಡಿಯನ್ನು ರಸ್ತೆಗೆ ಇಳಿಸುವ ಮುನ್ನ

ಹಳೆಯ ಜಾವಾ ಅಥವಾ ಯೆಜ್ಡಿ ಬೈಕಿಗೆ ಫುಲ್ ಎಂಜಿನ್ ಕೆಲಸ, ಅಂದರೆ ಎಂಜಿನ್ನನ್ನು ಪೂರ್ತಿ ಬಿಚ್ಚಿ ಸವೆದ ಭಾಗಗಳನ್ನು ಬದಲಿಸುವ ಕೆಲಸ, ಮಾಡಿಸಿ ಮನೆಗೆ ತಂದಿರುವವರು ಒಂದು ಲಕ್ಷಣವನ್ನು ಗಮನಿಸಬೇಕು. ತಣ್ಣಗಿದ್ದಾಗ ಸರಿಯಾಗಿ ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಕೊಡದೆ ನಿಧಾನ ಬಡಿತದಲ್ಲಿ, ಓಡುವ ಎಂಜಿನ್, ಹತ್ತು ಹದಿನೈದು ಕಿಲೋಮೀಟರ್ ಓಡಿ ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಕೂಡಲೇ ಇಳಿಯದೆ ತನ್ನಷ್ಟಕ್ಕೆ ರೇಸ್ ಏರಿಸಿಕೊಳ್ಳುತ್ತಿದ್ದರೆ, ಅದನ್ನು ಕಾರ್ಬುರೇಟರ್ ಟ್ಯೂನಿಂಗ್ ದೋಷವೆಂದು ನಂಬಿ ಓಡಿಸುತ್ತಾ ಹೋಗಬೇಡಿ. ಎಂಜಿನ್ ಒಳಗೆ ಎಲ್ಲಿಂದಲೋ ಬೇಡದ ಗಾಳಿ ಸೇರುತ್ತಿದೆ ಎಂಬುದಕ್ಕೆ ಇದು ಬಹುಪಾಲು ಸಂದರ್ಭಗಳಲ್ಲಿ ಮೊದಲ ಸೂಚನೆ. ನನ್ನ ಯೆಜ್ಡಿ 250ರಲ್ಲಿ ಈ ಸೂಚನೆ ತಿಂಗಳುಗಟ್ಟಲೆ ಕಾಣಿಸುತ್ತಲೇ ಇತ್ತು. ಕೆಲಸ ಮಾಡಿದ ಗ್ಯಾರೇಜಿನವರು ಪ್ರತಿ ಸಲವೂ ಅದಕ್ಕೊಂದು ತೇಪೆ ಹಾಕಿ ಕಳಿಸಿದರು. ಕೊನೆಗೆ ಶ್ರೀರಂಗಪಟ್ಟಣ ದಾಟಿ ಮಂಡ್ಯದ ಕಡೆಗೆ ಸರ್ವಿಸ್ ರಸ್ತೆಯಲ್ಲಿ ಹೋಗುತ್ತಿದ್ದಾಗ ಪಿಸ್ಟನ್ ಜಾಮ್ ಆಗಿ ಹಿಂದಿನ ಚಕ್ರ ಕಚ್ಚಿಕೊಂಡಿತು. ಹಿಂದೆ ಲಾರಿ ಇರಲಿಲ್ಲವಾದ್ದರಿಂದ ಇದನ್ನು ಬರೆಯಲು ನಾನು ಉಳಿದಿದ್ದೇನೆ.

ಈ ಗಾಡಿಗಳ ಮೇಲೆ ಮೈಸೂರು ಸೀಮೆಯವರಿಗೆ ಇರುವ ಪ್ರೀತಿ ಸಹಜವಾದದ್ದು. 1960ರ ಹೊತ್ತಿಗೆ ಆರಂಭವಾದ ಐಡಿಯಲ್ ಜಾವಾ ಕಾರ್ಖಾನೆ ಇಲ್ಲಿಯ ಯಾದವಗಿರಿಯಲ್ಲೇ ಇತ್ತು. ಮೊದಲು ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿಗಳು ಅಲ್ಲಿಂದ ಹೊರಬಂದವು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಂದಿನಿಂದ ಕಂಪೆನಿಯ ಅಸಲಿ ಬಿಡಿಭಾಗಗಳು ವರ್ಷದಿಂದ ವರ್ಷಕ್ಕೆ ಅಪರೂಪವಾಗುತ್ತಿವೆ. ಈಚಿನ ವರ್ಷಗಳಲ್ಲಿ ಅದೇ ಹೆಸರುಗಳು ಹೊಸ ಫೋರ್-ಸ್ಟ್ರೋಕ್ ಬೈಕುಗಳ ಮೇಲೆ ಮರಳಿ ಬಂದ ಮೇಲಂತೂ, ಹಳೆಯ ಗಾಡಿಗೆ ಕ್ರೋಮ್ ಮಾಡಿಸಿ, ಟ್ಯಾಂಕಿಗೆ ಬಣ್ಣ ಬಳಿದು, ಒಳಗಿನ ಕೆಲಸವನ್ನು ಅರ್ಧಕ್ಕೆ ಬಿಟ್ಟು ಒಳ್ಳೆಯ ಬೆಲೆಗೆ ದಾಟಿಸುವವರು ಹೆಚ್ಚಿದ್ದಾರೆ ಎಂಬುದು ನನ್ನ ಕಣ್ಣಿಗೆ ಬಿದ್ದಿರುವ ಸಂಗತಿ. ಶ್ರದ್ಧೆಯಿಂದ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್‌ಗಳು ಇಂದಿಗೂ ಇದ್ದಾರೆ. ನಾನು ಗಾಡಿ ಕೊಟ್ಟಿದ್ದ ಗ್ಯಾರೇಜು ಅಂಥದ್ದಾಗಿರಲಿಲ್ಲ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ; ಅದೇ ಬಗೆಯ ಕೆಲಸ ಬೇರೆ ಕಡೆಯೂ ನಡೆಯುತ್ತಿರುವುದರಿಂದ ಹೆಸರಿಗಿಂತ ಲಕ್ಷಣಗಳನ್ನು ತಿಳಿದಿರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಗಾಳಿ ಸೇರುವುದು ಇಷ್ಟು ಅಪಾಯಕಾರಿ ಏಕೆ ಎಂಬುದನ್ನು ಅರಿಯಲು ಟು-ಸ್ಟ್ರೋಕ್ ಎಂಜಿನ್ ಉಸಿರಾಡುವ ಬಗೆಯನ್ನು ನೋಡಬೇಕು. ಇದರಲ್ಲಿ ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಮುಚ್ಚಿದ ಕೋಣೆಯಾದ ಕ್ರ್ಯಾಂಕ್‌ಕೇಸೇ ಒಂದು ಪಂಪು. ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ನಿರ್ವಾತ ಉಂಟಾಗಿ ಕಾರ್ಬುರೇಟರ್ ಮೂಲಕ ಪೆಟ್ರೋಲ್, ಆಯಿಲ್ ಮತ್ತು ಗಾಳಿಯ ಮಿಶ್ರಣ ಒಳಗೆ ಬರುತ್ತದೆ. ಪಿಸ್ಟನ್ ಇಳಿಯುವಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಟ್ರಾನ್ಸ್‌ಫರ್ ಪೋರ್ಟುಗಳ ಮೂಲಕ ಸಿಲಿಂಡರಿನ ಮೇಲ್ಭಾಗಕ್ಕೆ ಏರುತ್ತದೆ. ಪಿಸ್ಟನ್, ರಿಂಗು, ಬೇರಿಂಗು, ಕನೆಕ್ಟಿಂಗ್ ರಾಡಿನ ಎರಡೂ ತುದಿಗಳು, ಎಲ್ಲಕ್ಕೂ ಸಿಗುವ ಜಿಡ್ಡು ಈ ಮಿಶ್ರಣದಲ್ಲಿ ತೇಲಿ ಬರುವ ಆಯಿಲ್ ಮಾತ್ರ. ಆದ್ದರಿಂದ ಕ್ರ್ಯಾಂಕ್‌ಕೇಸಿಗೆ ಕಾರ್ಬುರೇಟರ್ ಬಿಟ್ಟು ಬೇರೆ ದಾರಿಯಿಂದ ಗಾಳಿ ನುಗ್ಗಿದರೆ, ಅಷ್ಟು ಜಾಗದ ಮಿಶ್ರಣ ಬರುವುದೇ ಇಲ್ಲ. ತಂಪು ಮಾಡುವ ಪೆಟ್ರೋಲೂ ಕಡಿಮೆ, ಜಿಡ್ಡು ಕೊಡುವ ಆಯಿಲೂ ಕಡಿಮೆ, ಉರಿಯುವ ಬಿಸಿ ಮಾತ್ರ ಹೆಚ್ಚು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಗೆ ಎರಕದ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗುತ್ತದೆ. ನಡುವಿನ ಸೂಕ್ಷ್ಮ ಅಂತರ ಮುಗಿದುಹೋದ ಕ್ಷಣವೇ ಜಾಮ್ ಆಗುವ ಕ್ಷಣ.

ಹಳೆಯ ಯೆಜ್ಡಿಯಲ್ಲಿ ಗಾಳಿ ನುಗ್ಗುವ ಮುಖ್ಯ ದಾರಿಗಳೆಂದರೆ ಕ್ರ್ಯಾಂಕಿನ ಎರಡು ತುದಿಗಳಲ್ಲಿ ಗಾಳಿ, ಆಯಿಲ್ ದಾಟದಂತೆ ತಡೆಯುವ ರಬ್ಬರ್ ಬಳೆಗಳಾದ ಆಯಿಲ್ ಸೀಲ್‌ಗಳು. ಎಡಬದಿಯ ಸೀಲ್ ಕ್ಲಚ್ ಮತ್ತು ಪ್ರೈಮರಿ ಚೈನಿನ ಕಡೆಗಿದೆ, ಅಲ್ಲಿ ಗೇರ್ ಆಯಿಲ್ ಇರುತ್ತದೆ. ಅದು ಹಾಳಾದರೆ ಎಂಜಿನ್ ಗೇರ್ ಆಯಿಲನ್ನೇ ಹೀರಿಕೊಂಡು ಉರಿಸುತ್ತದೆ. ಎರಡೂ ಸೈಲೆನ್ಸರುಗಳಿಂದ ದಟ್ಟ ಹೊಗೆ ಬರುತ್ತದೆ, ಸ್ಪಾರ್ಕ್ ಪ್ಲಗ್ ಪದೇ ಪದೇ ಕಪ್ಪಾಗಿ ಒದ್ದೆಯಾಗುತ್ತದೆ, ಹೊರಗೆ ಎಲ್ಲಿಯೂ ಸೋರದೆ ಗೇರ್ ಬಾಕ್ಸಿನ ಆಯಿಲ್ ಮಟ್ಟ ಇಳಿಯುತ್ತದೆ. ಈ ದೋಷ ತನ್ನನ್ನು ತಾನೇ ಹೊಗೆಯ ರೂಪದಲ್ಲಿ ತೋರಿಸಿಕೊಳ್ಳುವುದರಿಂದ ಒಂದು ರೀತಿಯಲ್ಲಿ ವಾಸಿ. ಬಲಬದಿಯ ಸೀಲ್ ಡೈನಮೋ ಮತ್ತು ಪಾಯಿಂಟುಗಳ ಕಡೆಗಿದೆ. ಅದು ಹಾಳಾದರೆ ಒಳಗೆ ಬರುವುದು ಬರಿ ಗಾಳಿ. ಹೊಗೆಯಿಲ್ಲ, ಸೋರಿಕೆಯಿಲ್ಲ, ಆರಂಭದಲ್ಲಿ ಗಾಡಿ ಇನ್ನಷ್ಟು ಚುರುಕಾಗಿ ಓಡುತ್ತಿದೆ ಎಂದು ಸಂತೋಷವೂ ಆಗಬಹುದು. ನನ್ನ ಗಾಡಿಯಲ್ಲಿ ಹೋಗಿದ್ದು ಈ ಬಲಬದಿಯ ಸೀಲ್.

ನಾನು ಹಣ ಕೊಟ್ಟ ಬಿಲ್ಲಿನಲ್ಲಿ ಕ್ರ್ಯಾಂಕ್ ಬೇರಿಂಗು, ಆಯಿಲ್ ಸೀಲ್, ಪಿಸ್ಟನ್, ರಿಂಗು, ಬೋರಿಂಗ್ (ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆಯುವುದು) ಎಂದು ಎಲ್ಲವೂ ಇತ್ತು. ಜಾಮ್ ಆದ ಮೇಲೆ ಬೇರೊಬ್ಬ ಹಿರಿಯ ಮೆಕ್ಯಾನಿಕ್ ನನ್ನ ಎದುರಿಗೇ ಡೈನಮೋ ಬಿಚ್ಚಿ ತೋರಿಸಿದಾಗ, ಅಲ್ಲಿದ್ದುದು ಪ್ಲಾಸ್ಟಿಕ್‌ನಂತೆ ಗಟ್ಟಿಯಾಗಿ ಅಂಚಿನಲ್ಲಿ ಬಿರುಕುಬಿಟ್ಟ ಹಳೆಯ ಸೀಲ್. ಬೇರಿಂಗುಗಳೂ ಹಳೆಯವೇ. ಅಂದರೆ ಮೇಲಿನ ಭಾಗದ ಹಾಫ್ ಎಂಜಿನ್ ಕೆಲಸವನ್ನಷ್ಟೇ ಮಾಡಿ ಫುಲ್ ಎಂಜಿನ್ ಹಣ ವಸೂಲು ಮಾಡಲಾಗಿತ್ತು. ಹೊಸದಾಗಿ ಬೋರ್ ಮಾಡಿದ ಸಿಲಿಂಡರಿನಲ್ಲಿ ಪಿಸ್ಟನ್ ಇನ್ನೂ ಬಿಗಿಯಾಗಿಯೇ ಇರುವುದರಿಂದ, ಹಾಳಾದ ಸೀಲ್ ಮೇಲೆ ಹೊಸ ಬೋರ್ ಮಾಡುವುದು ಏನೂ ಮಾಡದಿರುವುದಕ್ಕಿಂತ ಹೆಚ್ಚು ಅಪಾಯಕರ. ಇದು ನನಗೆ ಇಂದಿಗೂ ಕೋಪ ತರಿಸುವ ವಿಷಯ: ಹಣ ಹೋದದ್ದಕ್ಕಿಂತ, ಅಪಾಯವಿದೆ ಎಂದು ತಿಳಿದಿರಬೇಕಾದವರು ಅದನ್ನು ತಿಳಿದೂ ಮುಚ್ಚಿಟ್ಟದ್ದು.

ಅವರು ಮುಚ್ಚಿಟ್ಟ ಬಗೆಯನ್ನು ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮಗೂ ಇದೇ ಉತ್ತರಗಳು ಸಿಗಬಹುದು. ರೇಸ್ ಇಳಿಯುತ್ತಿಲ್ಲವೆಂದು ದೂರಿದಾಗ ಮೊದಲು ಐಡ್ಲಿಂಗ್ ಸ್ಕ್ರೂ ಸಡಿಲಿಸಿದರು. ಬಿಸಿಯಲ್ಲಿ ಸರಿ ಹೋದಂತೆ ಕಂಡಿತು, ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಎಂಜಿನ್ ಐಡ್ಲಿಂಗಿನಲ್ಲಿ ಉಳಿಯದೆ ಆಫ್ ಆಗತೊಡಗಿತು. ಆಮೇಲೆ ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ರಂಧ್ರದ ತುಂಡಾದ ಮೇನ್ ಜೆಟ್ ದೊಡ್ಡದು ಹಾಕಿದರು. ಸೀಲಿನ ಬಿರುಕು ಯಾವಾಗಲೂ ಒಂದೇ ಅಳತೆಯ ರಂಧ್ರ; ಥ್ರಾಟಲ್ ಪೂರ್ತಿ ತೆರೆದಾಗ ಬರುವ ಗಾಳಿಯ ಮುಂದೆ ಅದರ ಪಾಲು ಸಣ್ಣದು, ಥ್ರಾಟಲ್ ಸ್ವಲ್ಪವೇ ತೆರೆದಾಗ ಅದರ ಪಾಲು ಬಹಳ ದೊಡ್ಡದು. ಮೇನ್ ಜೆಟ್ ಕೆಲಸ ಮಾಡುವುದು ಥ್ರಾಟಲ್ ಹೆಚ್ಚು ತೆರೆದಾಗ. ಹೀಗಾಗಿ ಫುಲ್ ಥ್ರಾಟಲಿನಲ್ಲಿ ಓಡಿಸಿ ಪ್ಲಗ್ ತೆಗೆದು ತೋರಿಸಿದರೆ ಅದು ಚಂದದ ಕಂದು ಬಣ್ಣಕ್ಕೇ ಇರುತ್ತದೆ, ಆದರೆ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಕಾಲು ಥ್ರಾಟಲಿನಲ್ಲಿ ಸಾಗುವಾಗ ಎಂಜಿನ್ ಬೇಯುತ್ತಿರುತ್ತದೆ. ನನ್ನದು ಜಾಮ್ ಆದದ್ದು ಹಾಗೆ ಆರಾಮಾಗಿ ಸಾಗುತ್ತಿದ್ದಾಗಲೇ.

ಕೊನೆಯ ತೇಪೆ ಆಯಿಲಿನದು. ಹಳೆಯ ಜಾವಾ ಮಾದರಿಗಳಿಗೆ ಸಾಮಾನ್ಯವಾಗಿ 1:25 ಪ್ರಮಾಣ, ಅಂದರೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟು-ಟಿ (ಟು-ಸ್ಟ್ರೋಕ್) ಆಯಿಲ್ ಹಾಕುವ ರೂಢಿಯಿದೆ. ಅದನ್ನು 60ಕ್ಕೆ ಏರಿಸಿದರೆ ಎಂಜಿನ್ ತಂಪಾಗುತ್ತದೆ ಎಂದು ಅವರು ಹೇಳಿದರು. ಕೇಳಲು ಸರಿಯೆನಿಸುವ ಈ ಮಾತು ಪೂರ್ತಿ ಸರಿಯಲ್ಲ. ಜೆಟ್ಟಿನ ರಂಧ್ರದಲ್ಲಿ ಹಾದುಹೋಗುವ ದ್ರವದಲ್ಲಿ ಆಯಿಲಿನ ಪಾಲು ಹೆಚ್ಚಿದಷ್ಟೂ ಪೆಟ್ರೋಲಿನ ಪಾಲು ಕಡಿಮೆಯಾಗುತ್ತದೆ, ಮಿಶ್ರಣ ಇನ್ನಷ್ಟು ಬಡವಾಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ಜೊತೆಗೆ ಹೆಚ್ಚಿನ ಆಯಿಲ್ ಪ್ಲಗ್ಗನ್ನು ಕಪ್ಪು ಮಾಡುವುದರಿಂದ, ಬಿಳುಚಿ ಬೂದಿಯಂತಾಗಿ ಎಚ್ಚರಿಸಬೇಕಾಗಿದ್ದ ಪ್ಲಗ್ಗೇ ಸುಳ್ಳು ಸಾಕ್ಷಿ ಹೇಳಲು ಶುರುಮಾಡುತ್ತದೆ. ‘ಹಳೇ ಟು-ಸ್ಟ್ರೋಕ್ ಅಂದ್ರೆ ಹಂಗೇ ಸಾರ್’ ಎಂಬ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಸರಿಯಾಗಿ ಕಟ್ಟಿದ ಹಳೆಯ ಟು-ಸ್ಟ್ರೋಕ್ ಬಿಸಿಯಲ್ಲಿಯೂ ಥ್ರಾಟಲ್ ಬಿಟ್ಟೊಡನೆ ನಿಧಾನ ಬಡಿತಕ್ಕೆ ಇಳಿಯುತ್ತದೆ.

ದೋಷವನ್ನು ಕಿವಿಯಿಂದಲೇ ಅಂದಾಜು ಮಾಡುವ ಒಂದು ಉಪಾಯವಿದೆ. ಸೆಂಟರ್ ಸ್ಟ್ಯಾಂಡ್ ಹಾಕಿ, ಐಡ್ಲಿಂಗಿನಲ್ಲಿ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ ಕಾಯಿರಿ. ಕಾರ್ಬುರೇಟರ್ ಬಟ್ಟಲು ಖಾಲಿಯಾಗುತ್ತಾ ಬಂದಾಗ, ನಿಲ್ಲುವ ಮುನ್ನ ಎಂಜಿನ್ ಒಮ್ಮೆ ರೇಸ್ ಏರಿಸಿಕೊಳ್ಳುತ್ತದೆ. ಮಿಶ್ರಣ ಬಡವಾದಾಗಿನ ಸದ್ದು ಅದು, ಮತ್ತು ಅದು ಒಳ್ಳೆಯ ಎಂಜಿನ್ನಿನಲ್ಲಿಯೂ ಕೇಳಿಸುತ್ತದೆ. ನಲ್ಲಿ ತೆರೆದಿರುವಾಗಲೇ, ಬಿಸಿಯಾದ ಮೇಲೆ ನಿಮ್ಮ ಗಾಡಿ ಅದೇ ಸದ್ದು ಮಾಡುತ್ತಿದ್ದರೆ ಅನುಮಾನಕ್ಕೆ ಆಧಾರವಿದೆ. ಇದೇ ಕಾರಣಕ್ಕೆ, ರೇಸ್ ಹತೋಟಿ ತಪ್ಪಿದಾಗ ಗಾಬರಿಯಿಂದ ಪೆಟ್ರೋಲ್ ನಲ್ಲಿ ಮುಚ್ಚಿದರೆ ಅದು ಇಳಿಯುವ ಮೊದಲು ಇನ್ನಷ್ಟು ಏರುತ್ತದೆ. ಕೀ ಆಫ್ ಮಾಡಿ. ಅದಕ್ಕೂ ನಿಲ್ಲದಿದ್ದರೆ ನಿಂತಲ್ಲಿಯೇ ಬ್ರೇಕ್ ಹಿಡಿದು ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ಬಲವಂತವಾಗಿ ನಿಲ್ಲಿಸಿ.

ಅನುಮಾನವನ್ನು ಖಚಿತಪಡಿಸುವುದು ಪ್ರೆಶರ್ ಟೆಸ್ಟ್ ಮಾತ್ರ, ಮತ್ತು ಗ್ಯಾರೇಜಿಗೆ ಹಣ ಕೊಡುವ ಮುನ್ನ ನಿಮ್ಮ ಎದುರಿಗೆ ಇದನ್ನು ಮಾಡಿಸಬೇಕೆಂಬುದೇ ನನ್ನ ಕಳಕಳಿಯ ವಿನಂತಿ. ಕಾರ್ಬುರೇಟರ್ ತೆಗೆದು ಆ ಬಾಯಿಯನ್ನೂ ಎರಡೂ ಎಕ್ಸಾಸ್ಟ್ ಬಾಯಿಗಳನ್ನೂ ರಬ್ಬರ್ ಮತ್ತು ತಗಡಿನ ಪಟ್ಟಿಯಿಂದ ಮುಚ್ಚಿ, ಟ್ರಾನ್ಸ್‌ಫರ್ ಪೋರ್ಟುಗಳು ತೆರೆದಿರುವಂತೆ ಪಿಸ್ಟನ್ನನ್ನು ಕೆಳಗಿಳಿಸಿ, ಪ್ಲಗ್ಗಿನ ಜಾಗದಿಂದ ಕೈಪಂಪಿನ ಮೂಲಕ ಸುಮಾರು 6 ಪಿ.ಎಸ್.ಐ. ಒತ್ತಡ ಕೊಡಬೇಕು. ಅದಕ್ಕಿಂತ ಬಹಳ ಹೆಚ್ಚು ಕೊಟ್ಟರೆ ಒಳ್ಳೆಯ ಸೀಲೂ ಹಾಳಾದೀತು. ಒತ್ತಡ ತೋರಿಸುವ ಮೀಟರಿನ ಮುಳ್ಳು ಐದಾರು ನಿಮಿಷ ಅಲುಗದೆ ನಿಂತರೆ ಸರಿ. ಇಳಿಯುತ್ತಿದ್ದರೆ ಡೈನಮೋ ಕಡೆ, ಸಿಲಿಂಡರಿನ ಬುಡದ ಗ್ಯಾಸ್ಕೆಟ್, ಹೆಡ್ಡಿನ ಸುತ್ತ, ಕ್ರ್ಯಾಂಕ್‌ಕೇಸಿನ ನಡುವಿನ ಜೋಡಣೆ, ಎಲ್ಲ ಕಡೆ ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಬೇಕು. ಸಾಧ್ಯವಿದ್ದರೆ ನಿರ್ವಾತದಲ್ಲಿಯೂ ಪರೀಕ್ಷಿಸುವುದು ಉತ್ತಮ, ಏಕೆಂದರೆ ಕೆಲವು ಸೀಲ್‌ಗಳು ಒಂದು ದಿಕ್ಕಿನಲ್ಲಿ ಮಾತ್ರ ಸೋರುತ್ತವೆ. ಈ ಪರೀಕ್ಷೆಯಲ್ಲಿ ಕಾರ್ಬುರೇಟರ್ ಹೊರಗಿರುವುದರಿಂದ, ಬಿಗಿ ಮಾಡಿ ಮಾಡಿ ಬಾಗಿರಬಹುದಾದ ಅದರ ಫ್ಲೇಂಜನ್ನು, ಅಂದರೆ ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚನ್ನು, ಗಾಜಿನ ಮೇಲಿಟ್ಟು ಬೇರೆಯಾಗಿ ನೋಡಬೇಕು. ಉರಿಯುತ್ತಿರುವ ಎಂಜಿನ್ ಮೇಲೆ ಪೆಟ್ರೋಲ್ ಅಥವಾ ಸ್ಪ್ರೇ ಚಿಮುಕಿಸಿ ಸೋರಿಕೆ ಹುಡುಕುವ ರೂಢಿ ಇದೆ. ಬಿಸಿ ಸೈಲೆನ್ಸರಿನ ಪಕ್ಕದಲ್ಲಿ ಹಾಗೆ ಮಾಡಲು ಯಾರಿಗೂ ಬಿಡಬೇಡಿ.

ಬಿಲ್ಲಿನಲ್ಲಿ ಬರೆದ ಪ್ರತಿಯೊಂದು ಹಳೆಯ ಭಾಗವನ್ನೂ ಡಬ್ಬಿಯಲ್ಲಿ ಹಾಕಿಸಿಕೊಂಡು ಬನ್ನಿ. ಬದಲಿಸಿದ್ದರೆ ಹಳೆಯದು ಇರಲೇಬೇಕು. ನನಗೆ ಹಳೆಯ ಪಿಸ್ಟನ್ ಮಾತ್ರ ಕೊಟ್ಟಿದ್ದರು, ಉಳಿದವು ಕಸಕ್ಕೆ ಹೋದವೆಂದಿದ್ದರು. ಜಾಮ್ ಆದಾಗ ಸಾಮಾನ್ಯವಾಗಿ ಸಿಲಿಂಡರನ್ನು ಇನ್ನೊಂದು ಅಳತೆಗೆ ಕೊರೆಯಬೇಕಾಗುತ್ತದೆ. ಮೂಲ 65 ಮಿ.ಮೀ. ಬೋರಿಗೆ (ಸಿಲಿಂಡರಿನ ಒಳವ್ಯಾಸ) ಹೀಗೆ ದೊಡ್ಡದಾಗುತ್ತಾ ಹೋಗಲು ಒಂದು ಮಿತಿಯಿದೆ, ಅಸಲಿ ಸಿಲಿಂಡರ್ ಮತ್ತೆ ಎರಕ ಹೊಯ್ದು ಬರುವುದಿಲ್ಲ.

ಹೊಸ ಸೀಲ್ ಕೊಳ್ಳುವಾಗ ಇಂಧನವನ್ನೂ ನೆನೆಯಬೇಕು. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು, ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ, ತನ್ನಲ್ಲೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಮಿಶ್ರಣವನ್ನು ತುಸು ಬಡವಾಗಿಸುತ್ತದೆ. ನನ್ನ ಗಾಡಿಗೆ ಈಗ ವೈಟಾನ್ ಎಂಬ ವಿಶೇಷ ರಬ್ಬರಿನ ಸೀಲ್ ಹಾಕಿಸಿದ್ದೇನೆ. ಬೆಲೆ ಹೆಚ್ಚು, ಆದರೆ ಎಥನಾಲನ್ನೂ ಬಿಸಿಯನ್ನೂ ಸಾಮಾನ್ಯ ರಬ್ಬರಿಗಿಂತ ಚೆನ್ನಾಗಿ ತಾಳುತ್ತದೆ. ವಾರಗಟ್ಟಲೆ ಗಾಡಿ ನಿಲ್ಲಿಸುವುದಾದರೆ ನಲ್ಲಿ ಮುಚ್ಚಿ ಕಾರ್ಬುರೇಟರ್ ಬಟ್ಟಲನ್ನು ಖಾಲಿ ಮಾಡಿಡಿ.

ಓಡಿಸುವಾಗ ಎಡಗೈಯ ಎರಡು ಬೆರಳು ಸದಾ ಕ್ಲಚ್ ಮೇಲಿರಲಿ. ಸದ್ದು ಬಿಗಿಯಾಗಿ, ಯಾರೋ ಹಿಂದಿನಿಂದ ಎಳೆದಂತೆ ವೇಗ ಕುಗ್ಗಿದರೆ, ಕಾರಣ ಯೋಚಿಸುವ ಮೊದಲು ಕ್ಲಚ್ ಹಿಡಿದು ರಸ್ತೆಯ ಅಂಚಿಗೆ ಬನ್ನಿ. ಕೂಡಲೇ ಕಿಕ್ ಹೊಡೆಯಬೇಡಿ. ಪೂರ್ತಿ ತಣಿದ ಮೇಲೆ ಗಾಡಿ ಸ್ಟಾರ್ಟ್ ಆದರೂ ಅದರಲ್ಲೇ ಮನೆಗೆ ಹೋಗಬೇಡಿ. ಗೂಡ್ಸ್ ಆಟೋದಲ್ಲಿ ಹಾಕಿಸಿ, ಹೆಡ್ ಬಿಚ್ಚಿ ನೋಡಿದ ಮೇಲೆಯೇ ಮುಂದಿನ ಮಾತು. ಘಾಟಿ ಇಳಿಯುವಾಗ ಥ್ರಾಟಲ್ ಪೂರ್ತಿ ಮುಚ್ಚಿ ಎಂಜಿನ್ ಬ್ರೇಕಿನಲ್ಲೇ ಉದ್ದಕ್ಕೂ ಇಳಿದರೆ ಪೆಟ್ರೋಲಿನ ಜೊತೆಗೆ ಆಯಿಲೂ ನಿಲ್ಲುತ್ತದೆಯಾದ್ದರಿಂದ, ಸೀಲ್ ಎಷ್ಟೇ ಹೊಸದಾಗಿದ್ದರೂ ನಡುನಡುವೆ ಕ್ಲಚ್ ಹಿಡಿದು ಒಂದೆರಡು ಸಲ ರೇಸ್ ಕೊಡುತ್ತಾ ಇಳಿಯಿರಿ.