ಮಾರಿಸ್ ಮೈನರ್‌ಗೆ ಯಾವ ಪೆಟ್ರೋಲ್ ಪಂಪ್: ಪಾಯಿಂಟ್ ಪಂಪೋ, ಎಲೆಕ್ಟ್ರಾನಿಕ್ಕೋ, ಡಬ್ಬಿ ಪಂಪೋ?

ಮೊದಲೇ ಹೇಳಿಬಿಡುತ್ತೇನೆ: ಟ್ಯಾಂಕಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಕಳಿಸುವ ಪಂಪಿನ ವಿಷಯದಲ್ಲಿ ನನ್ನ ಓಟು ಪಾಯಿಂಟ್ (ಕರೆಂಟನ್ನು ಕೂಡಿಸಿ ಬಿಡಿಸುವ ಲೋಹದ ಬಿಂದುಗಳು) ಇರುವ ಹಳೆಯ ಎಸ್‌ಯು ಕಂಪನಿಯ ಪಂಪಿಗೆ. ಮೂರನ್ನೂ ಮಾರಿಸ್ ಮೈನರ್ 1000 ಎಂಬ ಒಂದೇ ಹಳೆಯ ಇಂಗ್ಲಿಷ್ ಕಾರಿಗೆ ಹಾಕಿ, ಬೆಂಗಳೂರಿನ ಟ್ರಾಫಿಕ್ಕಿನಲ್ಲೂ ಮೈಸೂರು ರಸ್ತೆಯಲ್ಲೂ ಓಡಿಸಿ ನೋಡಿದ ಮೇಲಿನ ಮಾತು ಇದು. ಅದೇ ಪಂಪಿನೊಳಗೆ ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಸ್ವಿಚ್ ಕೂರಿಸಿದ್ದು ಎರಡನೆಯದು. ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಚೌಕಾಕಾರದ ಡಬ್ಬಿ ಪಂಪ್ ಮೂರನೆಯದು.

ಡಬ್ಬಿ ಪಂಪಿನ ತೊಂದರೆಯಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ಕೈಸುಟ್ಟುಕೊಳ್ಳುವುದು ಅಲ್ಲೇ. ಮೈನರ್ ಕೊನೆಯವರೆಗೂ ಪಾಸಿಟಿವ್ ಅರ್ಥ್ ಕಾರು. ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ, ಮೈನಸ್ ವೈರಿಂಗಿಗೆ. ಡಬ್ಬಿ ಪಂಪ್ ತಯಾರಾಗಿರುವುದು ನೆಗೆಟಿವ್ ಅರ್ಥ್ ಕಾರುಗಳಿಗೆ. ಒಂದೇ ವೈರ್ ಇರುವ ಪಂಪಿನಲ್ಲಿ ಲೋಹದ ಮೈಯೇ ಮೈನಸ್ ಟರ್ಮಿನಲ್. ಅದನ್ನು ಹಾಗೆಯೇ ಬಲ್ಕ್‌ಹೆಡ್ಡಿಗೆ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಲೋಹದ ಗೋಡೆ) ಬೋಲ್ಟ್ ಮಾಡಿ ವೈರ್ ಕೊಟ್ಟರೆ ಕರೆಂಟ್ ಉಲ್ಟಾ ಹರಿದು ಒಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗುತ್ತದೆ. ಅಂಗಡಿಯವರು ಅದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಇದಕ್ಕೆ ಮೆಕ್ಯಾನಿಕ್‌ಗಳು ಹೇಳುವ ಉಪಾಯ: ಪಂಪನ್ನು ರಬ್ಬರ್ ಬುಶ್ ಮೇಲೆ ಕೂರಿಸಿ, ಎರಡೂ ಕಡೆ ಲೋಹದ ಪೈಪ್ ತಾಗದಂತೆ ರಬ್ಬರ್ ಹೋಸ್ ಹಾಕಿ, ಪಂಪಿನ ಪ್ಲಸ್ ವೈರನ್ನು ಕಾರಿನ ಬಾಡಿಗೂ ಇಗ್ನಿಷನ್ನಿನ ವೈರನ್ನು ಪಂಪಿನ ಮೈಗೂ ಕೊಡುವುದು. ಪಂಪ್ ಓಡುತ್ತದೆ, ನಿಜ. ಆದರೆ ಈಗ ಇಡೀ ಪಂಪಿನ ಮೈ ಲೈವ್. ಸ್ಪ್ಯಾನರ್ ಜಾರಿ ಒಂದು ತುದಿ ಪಂಪಿಗೂ ಇನ್ನೊಂದು ತುದಿ ಬಾನೆಟ್ ಹಿಂಜಿಗೂ ತಾಗಿದರೆ, ಪೆಟ್ರೋಲ್ ಪೈಪಿನ ಪಕ್ಕದಲ್ಲೇ ಕಿಡಿ. ಮೈನರ್‌ನಲ್ಲಿ ಪಂಪಿಗೆ ಹೋಗುವ ಬಿಳಿ ವೈರಿಗೆ ಫ್ಯೂಸ್ ಕೂಡ ಇಲ್ಲ. ಆ ಜೋಡಣೆಯನ್ನು ಯಾರೂ ಉಳಿಸಿಕೊಳ್ಳಬಾರದು.

ಇನ್ನೊಂದು ದಾರಿ ಇಡೀ ಕಾರನ್ನು ನೆಗೆಟಿವ್ ಅರ್ಥ್‌ಗೆ ತಿರುಗಿಸುವುದು. ಬ್ಯಾಟರಿ ತಿರುಗಿಸಿ, ಇಗ್ನಿಷನ್ ಕಾಯಿಲಿನ ಎರಡು ಸಣ್ಣ ವೈರ್ ಅದಲುಬದಲು ಮಾಡಿ, ಡೈನಮೋದ ಎಫ್ ವೈರನ್ನು ಕಂಟ್ರೋಲ್ ಬಾಕ್ಸಿನಿಂದ ಬಿಚ್ಚಿ, ಅದಕ್ಕೆ ಬ್ಯಾಟರಿಯ ಲೈವ್ ವೈರನ್ನು ಎರಡು ಮೂರು ಸಲ ಕ್ಷಣಮಾತ್ರ ಮುಟ್ಟಿಸಿದರೆ ಡೈನಮೋ ಹೊಸ ಪೋಲಾರಿಟಿ ಹಿಡಿಯುತ್ತದೆ. ಕಷ್ಟದ ಕೆಲಸವೇನಲ್ಲ. ಆದರೆ ಒಂದು ಅಗ್ಗದ ಪಂಪಿಗಾಗಿ ಇಡೀ ಕಾರಿನ ವೈರಿಂಗ್ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ. ಮುಂದೆ ಆ ಕಾರಿಗೆ ಕೈಹಾಕುವ ಎಲೆಕ್ಟ್ರಿಷಿಯನ್‌ಗೆ ಇದು ಗೊತ್ತಿರದಿದ್ದರೆ ಮತ್ತೊಂದು ಸುಡುತ್ತದೆ.

ಇಷ್ಟಾದರೂ ಒತ್ತಡದ ಸಮಸ್ಯೆ ಉಳಿದೇ ಇರುತ್ತದೆ. ಎಸ್‌ಯು ಕಾರ್ಬೊರೇಟರಿಗೆ ಬರುವ ಪೆಟ್ರೋಲನ್ನು ಮುಚ್ಚಿ ನಿಲ್ಲಿಸುವ ನೀಡಲ್ ವಾಲ್ವ್ 3 ಪಿಎಸ್‌ಐ ದಾಟಿದರೆ ತಡೆಯುವುದಿಲ್ಲ. ಡಬ್ಬಿ ಪಂಪುಗಳು 4ರಿಂದ 7 ಪಿಎಸ್‌ಐ ಲೆಕ್ಕದಲ್ಲೂ ಬರುತ್ತವೆ, ನೋಡಲು ಎಲ್ಲವೂ ಒಂದೇ ಥರ. ಒತ್ತಡ ಹೆಚ್ಚಾದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ಚೇಂಬರ್ ಉಕ್ಕುತ್ತದೆ. ಮೈನರ್‌ನ ಎ-ಸೀರೀಸ್ ಎಂಜಿನ್ನಿನಲ್ಲಿ ಕಾರ್ಬೊರೇಟರೂ ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡೂ ಒಂದೇ ಕಡೆ, ಒಂದರ ಮೇಲೊಂದು. ಉಕ್ಕಿದ ಪೆಟ್ರೋಲ್ ಎಲ್ಲಿ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಜಾಗದ ಮಾತು: ಡಬ್ಬಿ ಪಂಪ್ ತಳ್ಳುವುದರಲ್ಲಿ ಗಟ್ಟಿ, ಎಳೆಯುವುದರಲ್ಲಿ ಸಾಧಾರಣ. ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿರಬೇಕು. ಬಾನೆಟ್ಟಿನೊಳಗೆ ಹಳೆಯ ಪಂಪಿನ ಜಾಗದಲ್ಲೇ ಹಾಕಿದರೆ ಬೇಸಿಗೆಯ ಸಿಗ್ನಲ್ಲುಗಳಲ್ಲಿ ವೇಪರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಹರಿವು ನಿಲ್ಲುತ್ತದೆ.

ಈಗ ಎಸ್‌ಯು ಪಂಪಿನ ದೊಡ್ಡ ಗುಣ: ಅದು ಮಾತಾಡುತ್ತದೆ. ಕೀ ತಿರುಗಿಸಿದಾಗ ಟಿಕ್ ಟಿಕ್ ಎಂದು ಕೆಲವು ಸಲ ಬಡಿದು, ಫ್ಲೋಟ್ ಚೇಂಬರ್ ತುಂಬಿದೊಡನೆ ಸುಮ್ಮನಾದರೆ ಎಲ್ಲ ಸರಿ. ನಿಲ್ಲದೆ ಗಡಿಬಿಡಿಯಿಂದ ಬಡಿಯುತ್ತಿದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಳೆಯುವ ಕಡೆಯ ಪೈಪಿನಲ್ಲಿ ಗಾಳಿ. ಎಂಜಿನ್ ನಿಂತಿರುವಾಗಲೂ ಆಗಾಗ ಒಂದೊಂದು ಟಿಕ್ ಕೇಳಿದರೆ ಫ್ಲೋಟಿನ ನೀಡಲ್ ಸೋರುತ್ತಿದೆ, ಅಥವಾ ಪಂಪಿನೊಳಗಿನ ವಾಲ್ವ್ ಕೂರುತ್ತಿಲ್ಲ. ಶಬ್ದವೇ ಇಲ್ಲದಿದ್ದರೆ ಹೆಚ್ಚಾಗಿ ಪಾಯಿಂಟ್ ಕೈಕೊಟ್ಟಿರುತ್ತದೆ. ಡಬ್ಬಿ ಪಂಪ್ ಸದಾ ಗರಗರ ಎನ್ನುತ್ತದೆ, ಅದರಿಂದ ಇಷ್ಟೊಂದು ತಿಳಿಯುವುದಿಲ್ಲ.

ಪಾಯಿಂಟ್ ಕೈಕೊಡಲು ಎರಡು ಕಾರಣ. ಕಾರು ವಾರಗಟ್ಟಲೆ ನಿಂತರೆ ಟಂಗ್‌ಸ್ಟನ್ ಪಾಯಿಂಟ್ ಮೇಲೆ ಪೊರೆ ಕಟ್ಟಿ ಕರೆಂಟ್ ಹಾಯುವುದಿಲ್ಲ. ಎರಡನೆಯದು, ಪಾಯಿಂಟ್ ಬಿಟ್ಟುಕೊಂಡಾಗಲೆಲ್ಲ ಪಂಪಿನೊಳಗಿನ ಕಾಯಿಲಿನಿಂದ ಕಿಡಿ ಹಾರಿ ಪಾಯಿಂಟ್ ಗುಳಿಬೀಳುತ್ತದೆ. ಮೊದಲನೆಯದಕ್ಕೆ ರಸ್ತೆಬದಿಯಲ್ಲೇ ಮದ್ದಿದೆ. ಇಗ್ನಿಷನ್ ಆಫ್ ಮಾಡಿ, ಟರ್ಮಿನಲ್ ನಟ್ ಬಿಚ್ಚಿ ಕಪ್ಪು ಟೋಪಿ ತೆಗೆಯಿರಿ (2ಬಿಎ ಸ್ಪ್ಯಾನರ್ ಬೇಕು, 8 ಎಂಎಂ ಸರಿಯಾಗಿ ಕೂರುವುದಿಲ್ಲ), ವಿಸಿಟಿಂಗ್ ಕಾರ್ಡಿನ ಪಟ್ಟಿಯನ್ನು ಪಾಯಿಂಟುಗಳ ನಡುವೆ ಸಿಕ್ಕಿಸಿ ನಾಲ್ಕಾರು ಸಲ ಎಳೆಯಿರಿ. ಕಾರ್ಡಿನ ಮೇಲೆ ಕಪ್ಪು ಗೆರೆ ಮೂಡುವುದು ನಿಂತಾಗ ಸಾಕು. ಟೋಪಿಯ ಅಂಚಿಗೆ ಮತ್ತೆ ಟೇಪ್ ಸುತ್ತಿ, ಧೂಳು ಹೋಗಬಾರದು. ಕಿಡಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ, ವೋಲ್ಟೇಜ್ ಜಿಗಿತವನ್ನು ಹೀರಿಕೊಳ್ಳುವ ಬೈಡೈರೆಕ್ಷನಲ್ ಟಿವಿಎಸ್ ಡಯೋಡ್ ಮದ್ದು. ಎರಡೂ ದಿಕ್ಕಿಗೆ ಒಂದೇ ರೀತಿ ಕೆಲಸ ಮಾಡುವುದರಿಂದ ಪಾಸಿಟಿವ್ ಅರ್ಥ್ ಎಂಬ ತಲೆನೋವಿಲ್ಲ. ಸಾಮಾನ್ಯ ಡಯೋಡನ್ನು ತಿರುಗುಮುರುಗು ಹಾಕಿದರೆ ನೇರ ಶಾರ್ಟ್.

ಪೆಟ್ರೋಲನ್ನು ಎಳೆದು ತಳ್ಳುವ ಪೊರೆಯಾದ ಡಯಾಫ್ರಾಮ್ ಬದಲಿಸುವುದೊಂದೇ ನಾಜೂಕಿನ ಕೆಲಸ. ಅದಕ್ಕೆ ಜೋಡಿಸಿದ ಕಬ್ಬಿಣದ ಆರ್ಮೇಚರಿನ ಸುತ್ತ ಇರುವ 11 ಹಿತ್ತಾಳೆ ರೋಲರುಗಳಲ್ಲಿ ಒಂದೂ ಉರುಳಿಹೋಗದಂತೆ ನೋಡಿಕೊಳ್ಳಿ. ಕಾಂಟ್ಯಾಕ್ಟ್ ಬ್ಲೇಡನ್ನು ಪಕ್ಕಕ್ಕೆ ಸರಿಸಿ, ಡಯಾಫ್ರಾಮ್ ಒತ್ತಿದರೂ ಪಾಯಿಂಟ್ ಹೊತ್ತ ರಾಕರ್ ಮಗುಚಿಕೊಳ್ಳದಷ್ಟು ಒಳಕ್ಕೆ ತಿರುಗಿಸಿ. ಆಮೇಲೆ ಡಯಾಫ್ರಾಮಿನ ಅಂಚಿನ ಒಂದೊಂದೇ ತೂತಿನಷ್ಟು ಹೊರಕ್ಕೆ ಬಿಚ್ಚುತ್ತ, ಪ್ರತಿ ಸಲ ನಿಧಾನವಾಗಿ, ಗಟ್ಟಿಯಾಗಿ ಒತ್ತಿ ನೋಡಿ. ರಾಕರ್ ಆಗಷ್ಟೇ ಮಗುಚಿದ ಜಾಗದಿಂದ ಇನ್ನೂ ನಾಲ್ಕು ತೂತು, ಅಂದರೆ ಮೂರನೇ ಎರಡು ಸುತ್ತು, ಹೊರಕ್ಕೆ ಬಿಚ್ಚಿ ನಿಲ್ಲಿಸಿ. ಈ ನಾಲ್ಕು ತೂತಿನ ಲೆಕ್ಕ ತಪ್ಪಿದ್ದಕ್ಕೇ ಎಷ್ಟೋ ಒಳ್ಳೆಯ ಪಂಪುಗಳು ಗುಜರಿಗೆ ಹೋಗಿವೆ.

ಎಲೆಕ್ಟ್ರಾನಿಕ್ ಎಸ್‌ಯು ಬಗ್ಗೆ ದೂರು ಕಡಿಮೆ. ಅದೇ ಮೈ, ಅದೇ ಟಿಕ್, ಅದೇ ಒತ್ತಡ. ತಿಂಗಳುಗಟ್ಟಲೆ ನಿಂತರೂ ಮೊದಲ ಕೀಗೇ ಎದ್ದೇಳುತ್ತದೆ. ಕೊಳ್ಳುವಾಗ ಪಾಸಿಟಿವ್ ಅರ್ಥ್‌ಗೆ ಆಗುತ್ತದೆಯೇ ಎಂದು ಕೇಳಲೇಬೇಕು. ಇಂಗ್ಲೆಂಡಿನಿಂದ ತರಿಸಿದರೆ ಡ್ಯೂಟಿ, ಕೊರಿಯರ್ ಸೇರಿ ಪಾಯಿಂಟ್ ಸೆಟ್ಟಿನ ಹಲವು ಪಟ್ಟು ಬೀಳುತ್ತದೆ. ಕೆಟ್ಟರೆ ಸೂಚನೆ ಕೊಡದೆ ಕೆಡುತ್ತದೆ, ಅಲ್ಲೇ ರಿಪೇರಿಯೂ ಇಲ್ಲ.

ನನ್ನ ಕಾರು ಹೊರಡುವುದು ಭಾನುವಾರದ ಬೆಳಗ್ಗೆ, ಟೂಲ್ ಕಿಟ್ ಸದಾ ಡಿಕ್ಕಿಯಲ್ಲಿರುತ್ತದೆ, ಖರ್ಚಿಗೆ ಮಿತಿಯಿದೆ. ಆದ್ದರಿಂದ ಡಯೋಡ್ ಹಾಕಿದ ಪಾಯಿಂಟ್ ಪಂಪು, ಜೊತೆಗೆ ಒಂದು ಸ್ಪೇರ್ ಪಾಯಿಂಟ್ ಸೆಟ್ಟು. ಬಾನೆಟ್ ತೆರೆಯುವ ಅಭ್ಯಾಸವಿಲ್ಲದವರು, ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವವರು ದುಡ್ಡು ಸೇರಿಸಿ ಎಲೆಕ್ಟ್ರಾನಿಕ್ ತರಿಸಿಕೊಳ್ಳಿ. ಯಾವುದನ್ನು ಹಾಕಿದರೂ ಈಗ ಬಂಕುಗಳಲ್ಲಿ ಬರುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಇ20 ಪೆಟ್ರೋಲ್, ಹಳೆಯ ರಬ್ಬರನ್ನು ಎಥನಾಲ್ ತಿನ್ನುತ್ತದೆ. ಪಂಪ್ ಬಿಚ್ಚಿದ ಕೈಯಲ್ಲೇ ಎಲ್ಲ ಹೋಸುಗಳನ್ನೂ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದಕ್ಕೆ ಬದಲಿಸಿಬಿಡಿ.