ಬ್ಲೇಡು ತಿಂದಿದ್ದು ಕಬ್ಬಿಣ ಅಲ್ಲ, ಗಾರೆ

ಬಸವನಗುಡಿಯಲ್ಲಿ ಒಂದು ಹಳೇ ಮನೆ. ಗೋಡೆಯೊಳಗಿನ ಜಿಐ ಪೈಪೆಲ್ಲ, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪೆಲ್ಲ ಕಿತ್ತು ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಬೇಕಿತ್ತು. ಹಿಂದುಗಡೆಯ ನಾಲ್ಕಿಂಚಿನ ಸಿಐ ಪೈಪು, ಅಂದರೆ ಬೀಡುಕಬ್ಬಿಣದ್ದು, ಇಳಿಸಬೇಕಿತ್ತು. ಜೊತೆಗೆ ಮೂರು ತೇಗದ ಬಾಗಿಲ ಚೌಕಟ್ಟು ಬಿಚ್ಚಬೇಕಿತ್ತು, ಅದೂ ಮರ ಹಾಳಾಗದಂತೆ. ಕಬ್ಬಿಣ, ಬೀಡು, ಮರ ಮೂರೂ ಒಂದೇ ಕಡೆ ಸಿಗೋದು ಅಪರೂಪ. ಹಾಗಾಗಿ ಎರಡು ರೆಸಿಪ್ರೊಕೇಟಿಂಗ್ ಸಾ (ಬ್ಲೇಡನ್ನು ಹಿಂದೆ ಮುಂದೆ ಓಡಿಸಿ ಕೊಯ್ಯುವ ಮೆಷಿನ್ ಗರಗಸ), ಐದು ಥರದ ಬ್ಲೇಡು ತಂದು ಅಲ್ಲೇ ಓಡಿಸಿ ನೋಡಿದೆ.

ಈ ಮೆಷಿನ್ನನ್ನು ನಮ್ಮಲ್ಲಿ ಇನ್ನೂ ಎಷ್ಟೋ ಜನ ಕೈಯಲ್ಲಿ ಹಿಡಿದಿಲ್ಲ. ಕೆಲವರು ಸೇಬರ್ ಸಾ ಅನ್ನುತ್ತಾರೆ. ಅಮೆರಿಕದಲ್ಲಿ ಯಾವ ಕಂಪನಿಯದಾದರೂ ಬಾಯಲ್ಲಿ ಬರೋದು 'ಸಾಜಾಲ್' ಅಂತಲೇ. ಅದು ಮಿಲ್ವಾಕಿ ಕಂಪನಿ 1951ರಲ್ಲಿ ತಂದ ಮೆಷಿನ್ನಿನ ಹೆಸರು. ನಾವು ಜೆರಾಕ್ಸ್ ಅನ್ನೋದಿಲ್ವಾ, ಹಾಗೆ.

ನಮ್ಮವರಿಗೆ ಎಲ್ಲದಕ್ಕೂ ನಾಲ್ಕಿಂಚಿನ ಗ್ರೈಂಡರ್, ಅಂದರೆ ಚಕ್ರ ತಿರುಗಿಸಿ ಕತ್ತರಿಸುವ ಕೈ ಮೆಷಿನ್ ಸಾಕು. ಮೊದಲು ಅದರ ವಿಷಯವನ್ನೇ ಹೇಳಿಬಿಡುತ್ತೇನೆ. ಬಯಲಲ್ಲಿ ಒಂದಿಂಚಿನ ಜಿಐ ಪೈಪು ಕತ್ತರಿಸೋಕೆ ಗ್ರೈಂಡರ್‌ಗಿಂತ ಬೇಗ ಯಾವುದೂ ಇಲ್ಲ. ಆದರೆ ಗೋಡೆಯ ಕಾಲುವೆಯೊಳಗೆ ಕೂತ ಪೈಪಿನ ಹಿಂಬದಿಗೆ ಅದರ ಚಕ್ರ ಮುಟ್ಟೋದಿಲ್ಲ. ಮುಟ್ಟಿಸೋಕೆ ಚಕ್ರದ ಮೇಲಿನ ರಕ್ಷಣೆಯ ಗಾರ್ಡ್ ಬಿಚ್ಚುವವರಿದ್ದಾರೆ, ಅದು ಬೇಡವೇ ಬೇಡ. ಪಕ್ಕದಲ್ಲಿ ಒಣ ತೇಗದ ಚೌಕಟ್ಟು ಇರುವಾಗ ಕಿಡಿ ಹಾರಿಸೋಕೂ ಧೈರ್ಯ ಬರಲಿಲ್ಲ. ಅಲ್ಲಿಗೆ ಗ್ರೈಂಡರ್ ಕಥೆ ಮುಗಿಯಿತು.

ಮೆಷಿನ್ನಿಗೆ ಬರೋಣ. ನನ್ನದು ಮಕಿಟಾ ಜೆಆರ್3050ಟಿ. ಕರೆಂಟಿನದು, 1010 ವ್ಯಾಟ್. ಬ್ಲೇಡು 28 ಮಿಲಿಮೀಟರ್ ಹಿಂದೆ ಮುಂದೆ ಓಡುತ್ತದೆ, ನಿಮಿಷಕ್ಕೆ 2800 ಸಲದವರೆಗೆ. ಇನ್ನೊಂದು ಗೆಳೆಯನ ಹತ್ತಿರ ಎರವಲು ತಂದ ಡಿವಾಲ್ಟ್ ಬ್ಯಾಟರಿ ಮೆಷಿನ್, ಡಿಸಿಎಸ್380. ಅದರ ಓಟವೂ 28 ಮಿಲಿಮೀಟರ್ ಚಿಲ್ಲರೆ, ವೇಗವೂ ಹತ್ತಿರ ಹತ್ತಿರ ಅಷ್ಟೇ. ಕಾಗದದ ಮೇಲೆ ಅಣ್ಣತಮ್ಮಂದಿರು.

ಕೆಲಸದಲ್ಲೂ ನಾನು ಅಂದುಕೊಂಡಷ್ಟು ವ್ಯತ್ಯಾಸ ಕಾಣಲಿಲ್ಲ. ಒಂದೇ ಬ್ಲೇಡನ್ನು ಎರಡಕ್ಕೂ ಹಾಕಿ ಒಂದೇ ಪೈಪು ಕತ್ತರಿಸಿದೆ. ಗಡಿಯಾರ ನೋಡಿ ಹೇಳುವಂಥ ಫರಕು ಏನಿರಲಿಲ್ಲ. ಎರಡೂ ಕೈ ನಡುಗಿಸುತ್ತವೆ. ಬ್ಲೇಡಿನ ಬುಡದ ಹತ್ತಿರ ಇರುವ ಲೋಹದ ಪಾದವನ್ನು, ಅಂದರೆ ಶೂವನ್ನು, ಪೈಪಿಗೆ ಒತ್ತಿ ಹಿಡಿದರೆ ಮಾತ್ರ ಸುಮ್ಮನಿರುತ್ತವೆ. ಶೂ ಒಂದು ಬೆರಳಷ್ಟು ದೂರ ಆಯಿತೋ, ಮೆಷಿನ್ನು ಕುದುರೆ ಥರ ಕುಣಿಯುತ್ತದೆ, ಬ್ಲೇಡು ಬಾಗುತ್ತದೆ. ಹೊಸಬರು ಮೆಷಿನ್ ಸರಿಯಿಲ್ಲ ಅನ್ನೋದು ಬಹಳ ಸಲ ಇದೇ ಕಾರಣಕ್ಕೆ.

ಬೇರೆ ಆಗೋದು ಜಾಗದಲ್ಲಿ. ಒಡೆಯುವ ಮನೆಯಲ್ಲಿ ಮೊದಲು ತೆಗೆಸೋದೇ ಕರೆಂಟು. ಪಕ್ಕದ ಮನೆಯಿಂದ ವೈರ್ ಎಳೆದು, ಏಣಿ ಮೇಲೆ ಅದನ್ನು ಕಾಲಿಗೆ ಸುತ್ತಿಕೊಳ್ಳದಂತೆ ನಿಲ್ಲೋದು ಒಂದು ಶಿಕ್ಷೆ. ಅಲ್ಲಿ ಬ್ಯಾಟರಿ ಮೆಷಿನ್ನೇ ರಾಜ. ಅದರಲ್ಲಿ ಬ್ಲೇಡನ್ನು ನಾಲ್ಕು ದಿಕ್ಕಿಗೆ ಕೂರಿಸಬಹುದು, ಅಡ್ಡಡ್ಡ ಕೂಡ. ಗೋಡೆಗೆ ಅಂಟಿದ ಪೈಪಿಗೆ ಇದು ತುಂಬಾ ಉಪಕಾರ. ಆದರೆ ಲೆಕ್ಕ ಹಾಕಿ: 18 ವೋಲ್ಟ್, 5 ಆಂಪಿಯರ್ ಅವರ್ ಬ್ಯಾಟರಿ ಅಂದರೆ 90 ವ್ಯಾಟ್ ಅವರ್. ಸಾವಿರ ವ್ಯಾಟ್ ಎಳೆದರೆ ಐದೂವರೆ ನಿಮಿಷಕ್ಕೆ ಖಾಲಿ. ಯಾವಾಗಲೂ ಅಷ್ಟು ಎಳೆಯೋದಿಲ್ಲ, ನಿಜ. ಆದರೂ ಸಿಐ ಪೈಪಿಗೆ ಕೂತ ದಿನ ಎರಡು ಬ್ಯಾಟರಿ ಇಟ್ಟುಕೊಂಡೂ ಚಾರ್ಜರ್ ಮುಂದೆ ಕಾದಿದ್ದೇನೆ. ದಿನವಿಡೀ ನೆಲದ ಮೇಲೆ ಕೆಲಸ ಇದ್ದರೆ ವೈರಿನ ಮೆಷಿನ್ನೇ ಸೈ. ದುಡ್ಡೂ ಕಮ್ಮಿ.

ನಿಜವಾದ ಜಗಳ ಇದ್ದದ್ದು ಬ್ಲೇಡಿನಲ್ಲಿ.

ಬ್ಲೇಡಿನ ಬುಡ ಎಲ್ಲಾ ಕಂಪನಿಯದೂ ಒಂದೇ ಅಳತೆ, ಅರ್ಧ ಇಂಚು. ಯಾರ ಬ್ಲೇಡನ್ನು ಯಾರ ಮೆಷಿನ್ನಿಗೆ ಬೇಕಾದರೂ ಹಾಕಬಹುದು. ಇದನ್ನೇ ನಂಬಿ ಆನ್‌ಲೈನಲ್ಲಿ ಹತ್ತು ಬ್ಲೇಡಿನ ಒಂದು ಅಗ್ಗದ ಪ್ಯಾಕ್ ತರಿಸಿದ್ದೆ. ಹೆಸರು ಬೇಡ. ಮೇಲೆ ಬೈಮೆಟಲ್ ಅಂತ ಬರೆದಿತ್ತು, ಅಂದರೆ ಬಾಗುವ ಉಕ್ಕಿನ ಬೆನ್ನಿಗೆ ಗಟ್ಟಿ ಉಕ್ಕಿನ ಹಲ್ಲು ಬೆಸೆದದ್ದು. ಎರಡನೇ ಪೈಪು ಅರ್ಧಕ್ಕೆ ಬರುವಷ್ಟರಲ್ಲಿ ಹಲ್ಲೆಲ್ಲ ಮೊಂಡು, ತುದಿ ನೀಲಿ. ಮಿಕ್ಕಿದ್ದನ್ನು ಪಿವಿಸಿ ಕತ್ತರಿಸೋಕೆ ಇಟ್ಟೆ. ಆಮೇಲೆ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್‌ಜೆಪಿ ರೋಡಿಗೆ ಹೋಗಿ, ಕೈಯಲ್ಲಿ ಮುಟ್ಟಿ ನೋಡಿ ಬಾಷ್‌ದು ತಂದೆ. ಎಸ್ 922 ಬಿಎಫ್, ಅಂದರೆ ಆರಿಂಚು ಉದ್ದ, ಇಂಚಿಗೆ 14 ಹಲ್ಲು. ಎಸ್ 922 ಇಎಫ್, ಅಷ್ಟೇ ಉದ್ದ, 18 ಹಲ್ಲು. ಇವೇ ಹಲ್ಲಿನ ಒಂಬತ್ತಿಂಚಿನವೂ ಎರಡೆರಡು.

ಪುಸ್ತಕದ ಲೆಕ್ಕ ಹೀಗಿದೆ: ಕತ್ತರಿಸುವ ತಗಡಿನ ದಪ್ಪದೊಳಗೆ ಕನಿಷ್ಠ ಮೂರು ಹಲ್ಲು ಕೂತಿರಬೇಕು. ನೀಲಿ ಪಟ್ಟೆಯ ಬಿ ಕ್ಲಾಸ್, ಅಂದರೆ ಮಧ್ಯಮ ದರ್ಜೆಯ ಒಂದಿಂಚಿನ ಪೈಪಿನ ತಗಡಿನ ದಪ್ಪ 3.2 ಮಿಲಿಮೀಟರ್. 14 ಹಲ್ಲಿನ ಬ್ಲೇಡಲ್ಲಿ ಹಲ್ಲಿಂದ ಹಲ್ಲಿಗೆ 1.8 ಮಿಲಿಮೀಟರ್, 18ರದ್ದರಲ್ಲಿ 1.4. ಎರಡೂ ಲೆಕ್ಕಕ್ಕೆ ಪೂರ್ತಿ ಬರೋದಿಲ್ಲ. ಆದರೆ ಪೈಪು ದುಂಡಗಿದೆಯಲ್ಲ, ಮೆಷಿನ್ನನ್ನು ಸ್ವಲ್ಪ ಓರೆ ಹಿಡಿದರೆ ಜಾಸ್ತಿ ಹಲ್ಲು ಲೋಹಕ್ಕೆ ತಾಗುತ್ತವೆ. ಹೊಸ ಪೈಪಿಗೆ 14 ಹಲ್ಲಿನದೇ ಬೇಗ. ಹಳೇ ಪೈಪಿನ ಕಥೆ ಬೇರೆ. ಒಳಗಿಂದ ತುಕ್ಕು ತಿಂದು ಕೆಲವು ಕಡೆ ತಗಡು ಅರ್ಧ ಆಗಿರುತ್ತದೆ. ಅಲ್ಲಿ 14ರ ಹಲ್ಲು ಸಿಕ್ಕಿಹಾಕಿಕೊಂಡು ಇಡೀ ಪೈಪನ್ನೇ ಅಲ್ಲಾಡಿಸುತ್ತದೆ, ಗೋಡೆಯೊಳಗಿನ ಜಾಯಿಂಟು ಸಡಿಲ ಆಗುತ್ತದೆ. ನಾನು ಎರಡು ದಿನಕ್ಕೇ 14 ಬಿಟ್ಟು 18ಕ್ಕೆ ಬಂದೆ. ಟ್ರಿಗರ್ ಅರ್ಧ ಒತ್ತಿ, ಒಂದು ತೊಟ್ಟು ಎಣ್ಣೆ ಹಾಕಿ. ಪೂರ್ತಿ ಒತ್ತಿದರೆ ಬ್ಲೇಡು ಸಾಯೋದು ಬಿಸಿಗೆ.

ಇಷ್ಟಾದರೂ ಕೆಲವು ಬ್ಲೇಡು ಯಾಕೋ ಬೇಗ ಹೋಗುತ್ತಿತ್ತು. ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬಯಲಲ್ಲಿ ಓಡಿದ್ದು ಹಲ್ಲು ಗಟ್ಟಿಯಾಗೇ ಇತ್ತು. ಗೋಡೆಯೊಳಗೆ ಓಡಿದ್ದು ತುದಿಯ ಒಂದಿಂಚು ಕನ್ನಡಿ ಥರ ನುಣ್ಣಗೆ. ಪೈಪು ದಾಟಿದ ತುದಿ ಹಿಂದಿನ ಗಾರೆಗೆ ಉಜ್ಜುತ್ತಿತ್ತು. ಮರಳು, ಸಿಮೆಂಟು ಸೇರಿದ ಗಾರೆ ಅಂದರೆ ಸಾಣೆಕಲ್ಲು ಇದ್ದ ಹಾಗೆ. ಆಮೇಲೆ ಪೈಪಿನ ಹಿಂದೆ ಉಳಿಯಿಂದ ಎರಡು ಬೆರಳು ಜಾಗ ಮಾಡಿಕೊಂಡೇ ಮೆಷಿನ್ ಹಿಡಿದೆ. ಅದೇ ಬ್ಲೇಡು, ಅದೇ ಪೈಪು, ಮೂರು ಪಟ್ಟು ಬಾಳಿಕೆ ಬಂತು.

ಬಾಗಿಲ ಚೌಕಟ್ಟಿನಲ್ಲೂ ಇದೇ ಪಾಠ. ಮರ ಕೊಯ್ಯೋಕೆ ಅಂತ ಆರು ಹಲ್ಲಿನ ಬ್ಲೇಡು ತಂದಿದ್ದೆ, ಸಾದಾ ಕಾರ್ಬನ್ ಸ್ಟೀಲಿನದು. ಶುದ್ಧ ತೇಗದಲ್ಲಿ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ. ಮೊದಲ ಮೊಳೆ ಸಿಕ್ಕಿದ್ದೇ ತಡ, ನಾಲ್ಕು ಹಲ್ಲು ಹೋಯಿತು. ಹತ್ತು ಹಲ್ಲಿನ ಬೈಮೆಟಲ್ ನಿಧಾನ, ಆದರೆ ಮೊಳೆಗೆ ಹೆದರೋದಿಲ್ಲ. ಆಮೇಲೆ ಯೋಚಿಸಿದೆ, ಮರ ಯಾಕೆ ಕೊಯ್ಯಬೇಕು? ಚೌಕಟ್ಟನ್ನು ಗೋಡೆಗೆ ಹಿಡಿದಿರೋದು ಒಂದೊಂದು ಕಡೆ ಮೂರು ಹೋಲ್ಡ್‌ಫಾಸ್ಟ್, ಅಂದರೆ ಗೋಡೆಯೊಳಗೆ ಹೂತ ಕಬ್ಬಿಣದ ಪಟ್ಟಿ. ಒಂಬತ್ತಿಂಚಿನ 18 ಹಲ್ಲಿನ ಬ್ಲೇಡನ್ನು ಗೋಡೆಗೂ ಚೌಕಟ್ಟಿಗೂ ನಡುವೆ ತೂರಿಸಿ ಆ ಪಟ್ಟಿಗಳನ್ನೇ ಕತ್ತರಿಸಿದೆ. ಬೈಮೆಟಲ್ ಬಾಗುತ್ತದೆ, ಅದೇ ಅದರ ಗುಣ. ಸಂದಿಯ ಗಾರೆಯನ್ನು ಮೊದಲೇ ಕೆರೆದಿಟ್ಟುಕೊಂಡಿದ್ದೆ. ಮೂರೂ ಚೌಕಟ್ಟು ಒಂದು ಗೀರೂ ಇಲ್ಲದೆ ಬಂತು. ಮನೆಯವರು ಅದನ್ನು ಮಾರಲಿಲ್ಲ, ಊರಿನ ಮನೆಗೆ ಸಾಗಿಸಿದರು.

ಸಿಐ ಪೈಪಿಗೆ ಮಾತ್ರ ಬೈಮೆಟಲ್ ಸೋತಿತು. ಇಂಚಿಗೆ ಎಂಟು ಹಲ್ಲಿನ ಕಾರ್ಬೈಡ್ ಬ್ಲೇಡು ಹಾಕಿದೆ, ಅದರ ಹಲ್ಲು ಉಕ್ಕಿಗಿಂತ ಗಟ್ಟಿ. ಒಂದರ ಬೆಲೆಗೆ ನಾಲ್ಕೈದು ಬೈಮೆಟಲ್ ಬರುತ್ತಿತ್ತು, ಆದರೆ ಇಡೀ ಪೈಪು ಆ ಒಂದರಲ್ಲೇ ಮುಗಿಯಿತು. ಉದ್ದ ನೋಡಿ ತಗೊಳ್ಳಿ. ಆರಿಂಚಿನದು ನಾಲ್ಕಿಂಚಿನ ಪೈಪಿಗೆ ಸಾಲೋದಿಲ್ಲ: ಬುಡ ಶೂ ಒಳಗೆ ಹೋಗುತ್ತದೆ, ಬ್ಲೇಡು ಹಿಂದೆ ಬಂದಾಗ ತುದಿ ಪೈಪಿನ ಒಳಗೇ ಉಳಿದು, ಮುಂದೆ ಹೋಗುವಾಗ ಪೈಪಿನ ಎದುರಿನ ಬದಿಗೆ ಗುದ್ದಿ ಮಡಚುತ್ತದೆ. ಹನ್ನೆರಡಿಂಚಿನದು ಚಾಟಿ ಥರ ಬಳುಕುತ್ತದೆ. ಒಂಬತ್ತು ಸರಿ. ತೆಳು ತಗಡಿಗೆ ಮಾತ್ರ ಕಾರ್ಬೈಡ್ ಹಾಕಬೇಡಿ, ಹಲ್ಲು ಚಟ್ ಅಂತ ಹಾರುತ್ತದೆ.

ಒಂದು ಕಡೆ ಮಳೆನೀರಿನ ಪೈಪು ಹಳೇ ಎಸಿ ಪೈಪು, ಆಸ್ಬೆಸ್ಟಾಸ್ ಸಿಮೆಂಟಿನದು. ಕೆಲಸದ ಹುಡುಗ ಮೆಷಿನ್ ಎತ್ತಿಕೊಂಡ, ನಾನು ಕಸಿದುಕೊಂಡೆ. ಅದರ ಧೂಳು ಶ್ವಾಸಕೋಶದಲ್ಲಿ ಕೂತರೆ ಹೋಗೋದಿಲ್ಲ. ನೀರು ಚಿಮುಕಿಸಿ, ಕ್ಲಾಂಪು ಬಿಚ್ಚಿ, ಹಗ್ಗ ಕಟ್ಟಿ ಇಡೀ ಪೈಪನ್ನೇ ಹಾಗೇ ಇಳಿಸಿದೆವು. ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು.